ಬೈಲಕುಪ್ಪೆಯ ಹುಡುಗಿ

ಒಂದು ಉದ್ದನೆಯ ಸೀಟಿ, ಹಿಂದೆಯೇ ಒಂದು ಗಿಡ್ಡನೆಯದು. ಕಾರ್ಪೊರೇಷನ್ನಿನ ಕಸದ ಗಾಡಿ ಜಯಲಕ್ಷ್ಮಿಪುರಂನ ಆ ಅಡ್ಡರಸ್ತೆಗೆ ತಿರುಗಿತ್ತು. ಪ್ರಾರ್ಥನೆಯ ಕೋಣೆಯಲ್ಲಿ ಮಂಡಿಯೂರಿದ್ದ ಲಿಯೆನ್ ಪುಸ್ತಕದ ಒಂದೇ ಸಾಲನ್ನು ಮೂರನೆಯ ಸಲ ಓದುತ್ತಿದ್ದಳು. ಸೀಟಿ ಕೇಳಿದ್ದೇ ಎದ್ದಳು. ಈ ವಾರ ಕಸ ಹಾಕುವ ಸರದಿ ಅವಳದಲ್ಲ. ಆದರೂ ಹಸಿ ಕಸದ ಬಕೆಟ್ಟು, ಒಣ ಕಸದ ಚೀಲ ಎರಡನ್ನೂ ಎತ್ತಿಕೊಂಡು ಗೇಟಿನವರೆಗೆ ಓಡಿದಳು. ಅಲ್ಲಿಂದ ಎದ್ದುಹೋಗಲು ಒಂದು ನೆಪ ಬೇಕಾಗಿತ್ತು, ಅಷ್ಟೆ.

ಲಿಯೆನ್‌ಗೆ ಇಪ್ಪತ್ತೇಳು ವರ್ಷ. ವಿಯೆಟ್ನಾಮಿನ ಉತ್ತರದ ಒಂದು ಹಳ್ಳಿಯವಳು. ಭತ್ತದ ಗದ್ದೆಗಳ ನಡುವೆ ಎತ್ತರದ ಚರ್ಚಿನ ಗೋಪುರ ಮಾತ್ರ ಕಾಣುವಂಥ ಹಳ್ಳಿ. ಹತ್ತೊಂಬತ್ತನೆಯ ವಯಸ್ಸಿಗೆ ಸನ್ಯಾಸಿನಿಯರ ಸಂಘ ಸೇರಿದಳು. ಫಿಸಿಯೋಥೆರಪಿ ಓದಿಸಿದರು. ಎಲ್ಲಿಗಾದರೂ ಕಳಿಸಿ, ಹೋಗುತ್ತೇನೆ ಎಂದಿದ್ದಳು. ಮೈಸೂರಿಗೆ ಕಳಿಸಿದರು. ಇಲ್ಲಿ ಬಾಡಿಗೆ ಮನೆಯೊಂದರಲ್ಲಿ ಮೂವರು ಸನ್ಯಾಸಿನಿಯರು. ಮೂವರೂ ತೊಡುವುದು ಸಾದಾ ಚೂಡಿದಾರ್. ಕೊರಳ ದಾರದಲ್ಲಿ ಹೆಬ್ಬೆರಳುದ್ದದ ಮರದ ಶಿಲುಬೆ, ಅದು ಬಟ್ಟೆಯ ಒಳಗೆ. ಲಕ್ವ ಹೊಡೆದು ಮನೆಯಲ್ಲೇ ಮಲಗಿದವರ ಕೈಕಾಲಿಗೆ ವ್ಯಾಯಾಮ ಮಾಡಿಸುವುದು ಅವರ ಕೆಲಸ.

ಈ ಕೆಲಸಕ್ಕೆ ಹಿರಿಯರಾದ ಸಿಸ್ಟರ್ ಅರುಳ್ ಮೇರಿ ಒಂದು ನಿಯಮ ಮಾಡಿದ್ದರು. ಯಾರ ಮನೆಯಲ್ಲೂ ನಾವಾಗಿ ದೇವರ ಮಾತು ಎತ್ತಕೂಡದು. ಕೇಳಿದರೆ ಸುಳ್ಳು ಹೇಳಕೂಡದು. ಲಿಯೆನ್ ಮುರಿದದ್ದು ಅದರ ಎರಡನೆಯ ಅರ್ಧವನ್ನು.

"ಏನಮ್ಮ, ಇಡ್ಲಿ ಜೊತೆ ಜಗಳ ಆಡ್ತಿದ್ದೀಯಾ?" ತಿಂಡಿಗೆ ಕೂತಾಗ ಅರುಳ್ ಮೇರಿ ಕೇಳಿದರು. ಲಿಯೆನ್‌ಳ ತಟ್ಟೆಯಲ್ಲಿ ಇಡ್ಲಿ ಪುಡಿಪುಡಿಯಾಗಿತ್ತು. ಹಾಗೆ ಕೇಳಿದ್ದೇ ತಡ, ನಾಲ್ಕು ತಿಂಗಳಿನದೆಲ್ಲ ಹೊರಗೆ ಬಂತು.

ಕುಂಬಾರಕೊಪ್ಪಲಿನ ದೇವಿರಮ್ಮನ ಮನೆಗೆ ಅವಳು ಮೊದಲ ದಿನ ಹೋದಾಗ, ಬಲಗೈ ಸತ್ತು ಮಲಗಿದ್ದ ಆ ಹೆಂಗಸು ಇವಳ ಮುಖ ನೋಡಿ, "ಬೈಲಕುಪ್ಪೆಯೋಳೇನವ್ವ?" ಎಂದಿದ್ದರು. ಮೈಸೂರಿನಲ್ಲಿ ಚಪ್ಪಟೆ ಮೂಗಿನವರೆಲ್ಲ ಬೈಲಕುಪ್ಪೆಯ ಟಿಬೆಟಿನವರೇ. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವವರು. ಬಸ್ಸಿನಲ್ಲಿ ಎಷ್ಟೋ ಜನ ಲಿಯೆನ್‌ಳನ್ನು ಈ ಸಲ ಅಂಗಡಿ ಎಲ್ಲಿ ಹಾಕುತ್ತೀರಿ ಎಂದು ಕೇಳಿದ್ದುಂಟು. ದೇವಿರಮ್ಮನ ಪ್ರಶ್ನೆಯೂ ಅರ್ಧ ಅರ್ಥವಾಗಿ ಅವಳು "ಹೂಂ" ಎಂದು ತಲೆಯಾಡಿಸಿದ್ದಳು. ಅದು ಅರಿಯದೆ ಆದದ್ದು. ಎರಡನೆಯ ವಾರದ ಹೊತ್ತಿಗೆ ಅರ್ಥವಾಗಿತ್ತು. ಆದರೆ ಅದೇ ವಾರ ಜಯಲಕ್ಷ್ಮಿಪುರಂನ ಒಂದು ಮನೆಯಲ್ಲಿ, ನೀವು ಯಾರು ಎಂದು ಕೇಳಿದ್ದಕ್ಕೆ ಅವಳು ನಿಜ ಹೇಳಿದ್ದಳು. ಅವರು ಬೆಳ್ಳಿಲೋಟದಲ್ಲಿ ಕಾಫಿ ಕೊಟ್ಟು, ಕೈ ಮುಗಿದು, "ನಾವು ಬೇರೆ ಏರ್ಪಾಡು ಮಾಡ್ಕೊಂಡಿದ್ದೀವಿ" ಎಂದಿದ್ದರು. ಆಮೇಲೆ ದೇವಿರಮ್ಮ ನೆಂಟರೆದುರು "ನಮ್ ಬೈಲಕುಪ್ಪೆ ಹುಡ್ಗಿ" ಎಂದಾಗ ಲಿಯೆನ್ ಸುಮ್ಮನೆ ನಕ್ಕಿದ್ದಳು.

ಅರುಳ್ ಮೇರಿ ಲೋಟ ಕೆಳಗಿಟ್ಟರು. "ನಾಲ್ಕು ತಿಂಗಳು! ಒಂದು ದಿನಾನೂ ಹೇಳ್ಬೇಕು ಅನ್ನಿಸಲಿಲ್ವಾ?"

"ದಿನಾ ಅನ್ನಿಸಿತು."

"ಇವತ್ತು ಹೇಳು. ಬೈದ್ರೆ ಬೈಸಿಕೊಂಡು ಬಾ."

"ಬಾಗಿಲು ಹಾಕಿಬಿಟ್ಟರೆ ಸಿಸ್ಟರ್? ಆ ಕೈ ಈಗ ಗಲ್ಲದವರೆಗೆ ಬರುತ್ತಿದೆ. ಈಗ ನಿಲ್ಲಿಸಿದರೆ ಬೆರಳು ಮತ್ತೆ ಮುದುರಿಕೊಳ್ಳುತ್ತವೆ."

ಅರುಳ್ ಮೇರಿ "ಹೊತ್ತಾಯ್ತು, ಹೊರಡಮ್ಮ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಲಿಯೆನ್ ಬಸ್ಸಿಗೆ ಕಾಯಲಿಲ್ಲ. ಕಾಯುತ್ತ ನಿಲ್ಲುವುದು ಅವಳಿಂದ ಆಗುತ್ತಿರಲಿಲ್ಲ. ಒಂಟಿಕೊಪ್ಪಲು ದಾಟಿ ನಡೆದೇ ಹೊರಟಳು. ಹೆಬ್ಬಾಳದ ಕಾರ್ಖಾನೆಗಳಿಗೆ ಹೋಗುವ ಬಸ್ಸುಗಳು ನಿದ್ದೆಗಣ್ಣಿನವರನ್ನು ತುಂಬಿಕೊಂಡು ಧೂಳೆಬ್ಬಿಸಿ ಹೋದವು. ದಾರಿಯುದ್ದಕ್ಕೂ ಅವಳು ಹೇಳಬೇಕಾದದ್ದನ್ನು ಕನ್ನಡದಲ್ಲಿ ಜೋಡಿಸುತ್ತಿದ್ದಳು. ಜೋಡಿಸಿದ್ದು ಮುಂದಿನ ತಿರುವಿನಲ್ಲಿ ಚೆದುರುತ್ತಿತ್ತು. ಜಪಮಣಿ ಹಿಡಿದರೆ ಬೆರಳು ಓಡುತ್ತಿತ್ತು, ಮನಸ್ಸು ನಿಲ್ಲುತ್ತಿರಲಿಲ್ಲ.

ಅಜ್ಜಿ ಹೇಳುತ್ತಿದ್ದ ಮಾತೊಂದು ಬೆನ್ನು ಬಿಡುತ್ತಿರಲಿಲ್ಲ. ಅವರ ವಂಶದ ಹಿರಿಯನೊಬ್ಬನನ್ನು ಕ್ರೈಸ್ತಧರ್ಮವನ್ನು ನಿಷೇಧಿಸಿದ್ದ ರಾಜನ ಅಧಿಕಾರಿಗಳು ಹಿಡಿದು, ನೆಲದ ಮೇಲೆ ಶಿಲುಬೆ ಇಟ್ಟು, ಇದನ್ನು ತುಳಿದು ದಾಟು, ಮನೆಗೆ ಹೋಗು ಎಂದಿದ್ದರಂತೆ. ಒಂದೇ ಒಂದು ಹೆಜ್ಜೆ. ಅವನು ಕಾಲೆತ್ತಲಿಲ್ಲ, ಸೆರೆಯಲ್ಲೇ ಸತ್ತ. ಲಿಯೆನ್‌ಳನ್ನು ಯಾರೂ ಹಿಡಿದಿರಲಿಲ್ಲ, ಹೆದರಿಸಿರಲಿಲ್ಲ. ಅವಳು ದೇವಿರಮ್ಮನ ನೆಂಟರೆದುರು ಸುಮ್ಮನೆ ನಗುತ್ತಲೇ ದಾಟಿಬಿಟ್ಟಿದ್ದಳು.

ದೇವಿರಮ್ಮನ ಮನೆಯ ಬಾಗಿಲ ಮೇಲೆ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಣ್ಣದ ಟಿಬೆಟಿನ ಪ್ರಾರ್ಥನಾ ಬಾವುಟಗಳ ಒಂದು ಸಾಲು ಕಟ್ಟಿತ್ತು. ಮಗ ಚೆಲುವರಾಜು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಹೋದ ತಿಂಗಳು ಸ್ನೇಹಿತರ ಜೊತೆ ಬೈಲಕುಪ್ಪೆಗೆ ಹೋಗಿದ್ದಾಗ ತಂದದ್ದು. "ನಿಮಗೋಸ್ಕರನೇ ತಂದೆ ಮೇಡಂ. ದೇಶ ಬುಟ್ಟು ಬಂದೋರು, ನಮ್ಮನೆ ಬಾಗ್ಲಲ್ಲಿ ನಿಮ್ಮೂರು ಕಾಣ್ಲಿ ಅಂತ" ಎಂದು ಕುರ್ಚಿ ಹತ್ತಿ ತಾನೇ ಕಟ್ಟಿದ್ದ. ಅವನ ಮುಖದಲ್ಲಿದ್ದ ಸಂತೋಷವನ್ನು ಅವಳಿಗೆ ನೋಡಲಾಗಿರಲಿಲ್ಲ. ಅಂದಿನಿಂದ ಆ ಬಾಗಿಲಲ್ಲಿ ಅವಳು ತಲೆ ತಗ್ಗಿಸಿಯೇ ಒಳಗೆ ಹೋಗುತ್ತಿದ್ದಳು.

"ಬಾರವ್ವ ಲೀಲಾ," ದೇವಿರಮ್ಮ ಮಂಚದ ಮೇಲಿಂದಲೇ ಕೂಗಿದರು. ಲಿಯೆನ್ ಎನ್ನುವುದು ಅವರ ಬಾಯಲ್ಲಿ ಮೊದಲ ವಾರವೇ ಲೀಲಾ ಆಗಿತ್ತು. "ಇವತ್ತೇನು, ಮುಖ ಅಂಗೇ ಬಾಡೋಗದೆ? ತಿಂಡಿ ಆಯ್ತಾ?"

"ಆಯಿತು ಅಮ್ಮ. ಇಡ್ಲಿ ತಿಂದೆನು."

"ತಿಂದೆನು!" ದೇವಿರಮ್ಮ ನಕ್ಕರು. "ರೇಡಿಯೋದಲ್ಲಿ ವಾರ್ತೆ ಓದೋಳಂಗೆ ಮಾತಾಡ್ತೀಯಲ್ಲ. ತಿಂದೆ ಅನ್ನು, ಸಾಕು."

ಕೈ ಮುಟ್ಟಿದರೆ ಲಿಯೆನ್‌ಗೆ ಧೈರ್ಯ ಬರುತ್ತಿತ್ತು. ಕೈ ಸುಳ್ಳು ಹೇಳುವುದಿಲ್ಲ. ಎಲ್ಲಿ ಬಿಗಿ, ಎಲ್ಲಿ ಸಡಿಲ, ನಿನ್ನೆಗಿಂತ ಎಷ್ಟು ಹೆಚ್ಚು, ಎಲ್ಲವನ್ನೂ ತಿಳಿಸುತ್ತದೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಣಿಕಟ್ಟು ತಿರುಗಿಸಿದಳು. ಮೊಣಕೈಗೆ ಆಸರೆ ಕೊಟ್ಟು, "ಎತ್ತಿ ಅಮ್ಮ, ನೀವೇ ಎತ್ತಿ" ಎಂದಳು.

"ಅಯ್ಯಯ್ಯೋ, ಸಾಯಿಸ್ತೀಯ ಕಣೇ."

"ಇನ್ನೂ ಸ್ವಲ್ಪ."

"ನಿಮ್ಮೂರಲ್ಲಿ ದಯೆ ಧರ್ಮ ಯೋಳ್ಕೊಡಕಿಲ್ವಾ?"

ಕೈ ನಡುಗುತ್ತ ಎದೆ ದಾಟಿತು, ಕೊರಳು ದಾಟಿತು. ಗಲ್ಲಕ್ಕೆ ತಾಗಿ, ಅಲ್ಲಿಂದ ಜಾರುವ ಮೊದಲು ಒಂದು ಗಳಿಗೆ ಕೆಳತುಟಿಯನ್ನು ಮುಟ್ಟಿತು. ಇಬ್ಬರೂ ಉಸಿರು ಹಿಡಿದಿದ್ದರು. ಏಳು ತಿಂಗಳಿಂದ ದೇವಿರಮ್ಮ ಮುದ್ದೆ ಮುಟ್ಟಿರಲಿಲ್ಲ. ಎಡಗೈಲಿ ಮುದ್ದೆ ಮುರಿಯುವುದಕ್ಕಿಂತ ಉಪವಾಸ ಮೇಲು ಎಂದು, ಸೊಸೆ ಚಮಚದಲ್ಲಿ ಕೊಟ್ಟ ಅನ್ನವನ್ನೇ ನುಂಗುತ್ತಿದ್ದರು.

"ಬಂತು ಕಣವ್ವ," ಅವರು ಪಿಸುಗುಟ್ಟಿದರು. ಕಣ್ಣು ತುಂಬಿತ್ತು. "ಕೇಳಿಲ್ಲಿ. ಯಾರ್ಗೂ ಯೋಳಿಲ್ಲ. ಮೇರಿಯಮ್ಮಂಗೆ ಹರಕೆ ಹೊತ್ತಿದೀನಿ. ಫಿಲೋಮಿನಾ ಚರ್ಚಲ್ಲವ್ಳಲ್ಲ, ಆ ತಾಯಿಗೆ. ಕೈ ಬಾಯಿಗೆ ಬಂದ್ರೆ ಕೈಯುದ್ದದ ಮೇಣದಬತ್ತಿ ಹಚ್ತೀನಿ ಅಂತ. ಮಗ ಹುಟ್ದಾಗ್ಲೂ ಹಚ್ಚಿದ್ದೆ."

ಲಿಯೆನ್‌ಳ ಕೈ ಹಿಡಿದಲ್ಲೇ ನಿಂತಿತು.

"ನೀನೂ ನನ್ನ ಜೊತೆ ಬಾ. ನಿಮ್ಮೋರು ಚರ್ಚೊಳಕ್ಕೆ ಹೋಗ್ಬೌದು ತಾನೇ? ನಿಮ್ ದೇವ್ರು ಕೋಪ ಮಾಡ್ಕೊಳಕಿಲ್ವಾ?"

"ಇಲ್ಲ ಅಮ್ಮ."

"ಹೆದರ್ಕೋಬೇಡ. ನಾನ್ ಯೋಳ್ಕೊಡ್ತೀನಿ. ಚಪ್ಪಲಿ ಹೊರಗೆ ಬುಡು. ಒಳಗೋಗಿ ಜೋರಾಗಿ ಮಾತಾಡ್ಬೇಡ. ಬತ್ತಿ ಹಚ್ಚಿ, ಕಣ್ಣು ಮುಚ್ಕೊಂಡು, ಮನ್ಸಲ್ಲಿರೋದನ್ನ ಇದ್ದಂಗೇ ಯೋಳ್ಬುಡ್ಬೇಕು. ಆ ತಾಯಿ ಹತ್ರ ಏನೂ ಮುಚ್ಚಿಡ್ಬಾರ್ದು, ಗೊತ್ತಾಯ್ತಾ?"

ಲಿಯೆನ್ ತಲೆಯಾಡಿಸಿದಳು. ಸಣ್ಣವಳಿದ್ದಾಗ ಅಜ್ಜಿ ಮೊಣಕೈ ಹಿಡಿದು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನಗು ಬಂದಂತಾಯಿತು. ದಾರಿಯುದ್ದಕ್ಕೂ ಜೋಡಿಸಿದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಅಮ್ಮ," ಎಂದಳು. "ನಾನು ನಿಮಗೆ ಒಂದು ವಿಷಯ..."

"ಮೇಡಂ!" ಬಾಗಿಲಲ್ಲಿ ಸೊಸೆ ಭಾನುಪ್ರಿಯಾ ನಿಂತಿದ್ದಳು. ಕೈಯಲ್ಲಿ ಸೌಟು. "ಹಿತ್ತಲಲ್ಲಿ ಕೈ ತೊಳೆಯೋಕೆ ನೀರಿಟ್ಟಿದೀನಿ, ಬನ್ನಿ."

"ಇನ್ನೂ ಮುಗಿದಿಲ್ಲ..."

"ಬನ್ನಿ ಮೇಡಂ."

"ಏನೇ ನಿಂದು ಅವಸರ?" ದೇವಿರಮ್ಮ ಗದರಿದರು. "ಹುಡ್ಗಿ ಏನೋ ಯೋಳಕ್ಕೆ ಬಂದ್ಲು."

"ಈಗ್ಲೇ ಕಳಿಸ್ತೀನಿ ಅತ್ತೆ" ಎಂದು ಭಾನುಪ್ರಿಯಾ ಲಿಯೆನ್‌ಳ ಮುಂಗೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತು, ಅವಳ ಕೈಗೆ ನೀರು ಹಾಕಿ, ಒಳಗಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಹೇಳ್ಬೇಡಿ."

"ಏನನ್ನು?"

"ನೀವು ಬೈಲಕುಪ್ಪೆಯವರಲ್ಲ ಅಂತ. ನೀವು ಚರ್ಚಿನವರು ಅಂತ." ಭಾನುಪ್ರಿಯಾ ಸೌಟನ್ನು ಕಲ್ಲಿನ ಮೇಲಿಟ್ಟಳು. "ಮೊದಲನೇ ವಾರವೇ ನನಗೆ ಗೊತ್ತಾಯ್ತು. ಇಲ್ಲೇ, ಕೆಲಸ ಶುರು ಮಾಡೋ ಮುಂಚೆ ಗೋಡೆ ಕಡೆ ತಿರುಗಿ ಹಣೆ, ಎದೆ, ಎರಡು ಭುಜ ಮುಟ್ಕೋತೀರಲ್ಲ. ನಾನು ಓದಿದ್ದು ಕಾನ್ವೆಂಟಲ್ಲಿ ಮೇಡಂ. ಹತ್ತು ವರ್ಷ ದಿನಾ ನೋಡಿದೀನಿ."

ಲಿಯೆನ್ ತನ್ನ ಒದ್ದೆ ಕೈಗಳನ್ನು ನೋಡಿಕೊಂಡಳು. ಅಡಗಿಸಿದೆ ಎಂದುಕೊಂಡದ್ದನ್ನು ಅವಳ ಕೈ ದಿನವೂ ಹೇಳುತ್ತಲೇ ಇತ್ತು.

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ಅತ್ತೆ ಕೈ ಆಡ್ತಿತ್ತಲ್ಲ, ಅದಕ್ಕೆ. ನಮ್ಮ ಯಜಮಾನ್ರು ಕೆಟ್ಟೋರಲ್ಲ ಮೇಡಂ. ಹೋದ ವರ್ಷ ಮೂಲೆಮನೆಯೋರು ಚರ್ಚಿಗೆ ಸೇರ್ಕೊಂಡ್ರು ಅಂತ ಅಣ್ಣತಮ್ಮಂದಿರು ಮಾತು ಬಿಟ್ರು. ಮನೇಲಿ ಸಾವಾದಾಗ್ಲೂ ಬರಲಿಲ್ಲ. ಅದನ್ನ ನೋಡಿ ಇವ್ರು, ಮಿಷನ್ನೋರು ನಮ್ಮನೆಗೆ ಕಾಲಿಡೋದು ಬೇಡಪ್ಪ ಅಂದ್ರು."

"ಆದರೆ ಅಮ್ಮ ಚರ್ಚಿಗೆ ಹರಕೆ..."

"ಅದು ಬೇರೆ. ಅತ್ತೆ ಚರ್ಚಿಗೆ ಹೋಗಿ ಬತ್ತಿ ಹಚ್ಚೋದು ಬೇರೆ, ಚರ್ಚಿನೋರು ನಮ್ಮನೆಗೆ ಬರೋದು ಬೇರೆ. ನಿಮಗೆ ಅರ್ಥ ಆಗಲ್ಲ ಬಿಡಿ."

"ಅಮ್ಮನಿಗೆ ಮಾತ್ರ ಹೇಳುತ್ತೇನೆ."

"ಅವ್ರು ಮಗನ ಹತ್ರ ಒಂದು ಮಾತೂ ಮುಚ್ಚಿಡಲ್ಲ. ಸಾಯಂಕಾಲ ಶಿಫ್ಟ್ ಮುಗಿಸಿ ಬಂದ ತಕ್ಷಣ ಇವ್ರಿಗೆ ಗೊತ್ತಾಗತ್ತೆ."

"ಹಾಗಾದರೆ ವ್ಯಾಯಾಮ ನಿಮಗೆ ಕಲಿಸುತ್ತೇನೆ. ನೀವೇ ಮಾಡಿಸಿ."

ಭಾನುಪ್ರಿಯಾ ನಕ್ಕಳು, ಸಂತೋಷದ ನಗುವಲ್ಲ. "ಮಾಡಿ ನೋಡಿದೀನಿ. ಅಯ್ಯೋ ಅಂತ ಅವ್ರು ಒಂದು ಸಲ ಕೂಗಿದ್ರೆ ನಾನು ಬಿಟ್ಬಿಡ್ತೀನಿ. ನೋಯಿಸೋಕೆ ಹೊರಗಿನವರೇ ಬೇಕು ಮೇಡಂ. ಒಂದೇ ಒಂದು ತಿಂಗಳು. ಅತ್ತೆ ತಮ್ಮ ಕೈಯಿಂದ ಒಂದು ತುತ್ತು ಮುದ್ದೆ ತಿನ್ನಲಿ. ಆಮೇಲೆ ಯಾರಿಗೆ ಬೇಕಾದ್ರೂ ಹೇಳಿ. ನಿಮ್ಮ ದೇವರೇನು ಒಂದು ತಿಂಗಳು ಕಾಯಲ್ವಾ?"

ದೇವರು ಕಾಯುತ್ತಾನೆ. ಅದರಲ್ಲಿ ಲಿಯೆನ್‌ಗೆ ಸಂಶಯವಿರಲಿಲ್ಲ. ತುಟಿ ಮುಟ್ಟಿ ಜಾರಿದ ಆ ಕೈ ಅವಳ ಕಣ್ಣ ಮುಂದೆಯೇ ಇತ್ತು. ಒಂದು ತಿಂಗಳು, ಬಹುಶಃ ಅಷ್ಟೂ ಬೇಡ, ಮೂರು ವಾರ. ಸುಮ್ಮನಿದ್ದರೆ ಸಾಕು, ಎಲ್ಲರಿಗೂ ಒಳ್ಳೆಯದೇ. ಈವರೆಗಿನ ಮೌನಕ್ಕೂ ಒಂದು ಚಂದದ ಕಾರಣ ಸಿಕ್ಕಂತಾಗುತ್ತದೆ. ಆ ಯೋಚನೆ ಬಂದದ್ದೇ ಅವಳು ಬೆಚ್ಚಿದಳು. ನಾಲ್ಕು ತಿಂಗಳು ಅವಳು ಬಾಯಿ ಮುಚ್ಚಿಕೊಂಡಿದ್ದು ಆ ಕೈಗಾಗಿ ಅಲ್ಲ. ಇನ್ನೊಂದು ಬಾಗಿಲು ತನ್ನ ಮುಖದ ಮೇಲೆ ಮುಚ್ಚಿಕೊಳ್ಳದಿರಲಿ ಎಂದು. ತನ್ನ ಭಯವನ್ನು ಆ ಮುದುಕಿಯ ಕೈಯ ಹಿಂದೆ ಬಚ್ಚಿಡುವುದು ಮೊದಲ ಸುಳ್ಳಿಗಿಂತ ಹೀನವಾಗಿ ಕಂಡಿತು. ಈಗಷ್ಟೇ ದೇವಿರಮ್ಮ ಯಾರಿಗೂ ಹೇಳದ ಹರಕೆಯನ್ನು ತನಗೆ ಹೇಳಿದ್ದರು. ತಾನು ಯಾರೆಂದು ತಿಳಿಯದೆಯೇ ಹೇಳಿದ್ದರು.

"ಬಾಗಿಲ ಚೌಕಟ್ಟಿನ ಮೇಲೆ ಇವ್ರು ಬಾವುಟ ಕಟ್ಟಿದಾರೆ," ಭಾನುಪ್ರಿಯಾ ಹೇಳುತ್ತಿದ್ದಳು. "ಬೀದಿಯವರಿಗೆಲ್ಲ ಹೇಳ್ಕೊಂಡು ಬಂದಿದಾರೆ. ಅವರ ಮರ್ಯಾದೆನೂ ಸ್ವಲ್ಪ ನೋಡಿ. ಬೇಕಾದ್ರೆ ನಾನೇ ನಿಧಾನವಾಗಿ ಒಂದು ದಿನ ಇವರ ಹತ್ರ ಮಾತು ತೆಗೀತೀನಿ, ದಸರಾ ಕಳೀಲಿ, ಆಮೇಲೆ..."

ಲಿಯೆನ್ ಕೊರಳ ದಾರ ಹಿಡಿದು ಎಳೆದು, ಶಿಲುಬೆಯನ್ನು ಬಟ್ಟೆಯ ಹೊರಗೆ ಬಿಟ್ಟಳು. ಕೈ ಒರೆಸಿಕೊಳ್ಳುವುದನ್ನೂ ಮರೆತು ಒಳಗೆ ನಡೆದಳು.

"ಮೇಡಂ, ನಾನಿನ್ನೂ ಮಾತಾಡ್ತಿದೀನಿ. ಮೇಡಂ..."