ಡಬ್ಬಿಯ ಮೇಲಿನ ಕೈಗಳು

ಚಿಕ್ಕೋಡಿಯಲ್ಲಿ ಪಂಪ್‌ಸೆಟ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾನೂ ನನ್ನ ಗೆಳತಿಯೂ ಡಿಸೈನ್ ಆಫೀಸು ತೆರೆದಾಗ, ಮೆಟ್ಟಿಲು ಹತ್ತಿ ಬಂದವರು ಮೊದಲು ಕೇಳುತ್ತಿದ್ದದ್ದು, "ಮಾಲಕರು ಎಲ್ಲಿ ಅದಾರ್ರಿ?" ಎಂದು. ನಾವೇ ಮಾಲಕರು ಎಂದರೆ ಹೌದಾ ಎಂದು ತಲೆಯಾಡಿಸಿ, ಆದರೂ ಒಳಕೋಣೆಯ ಕಡೆಗೊಮ್ಮೆ ಇಣುಕುತ್ತಿದ್ದರು. ಆಮೇಲೆ ಫ್ಲೆಕ್ಸ್ ಮಾತು. ಹುಟ್ಟುಹಬ್ಬದ ಫ್ಲೆಕ್ಸ್, ಶ್ರದ್ಧಾಂಜಲಿಯ ಫ್ಲೆಕ್ಸ್, ಒಂದು ದೊಡ್ಡ ಮುಖದ ಸುತ್ತ ಸಣ್ಣ ಮುಖಗಳ ಸಾಲಿರುವ ಫ್ಲೆಕ್ಸ್. ನಾವು ಅದನ್ನು ಮಾಡುವುದಿಲ್ಲ, ಅಂಗಡಿಗೆ ಲೋಗೋ, ಮಾಲಿಗೆ ಡಬ್ಬಿ, ವ್ಯಾಪಾರಕ್ಕೆ ವೆಬ್‌ಸೈಟು ಮಾಡುತ್ತೇವೆ ಎಂದರೆ, "ಅದನ್ನೆಲ್ಲಾ ಪುಣೆದಾಗ ಮಾಡಸ್ತಾರಲ್ರಿ" ಎನ್ನುತ್ತ ಇಳಿದು ಹೋಗುತ್ತಿದ್ದರು. ಬಾಗಿಲ ಬೋರ್ಡು ಬದಲಿಸಿ ಎಂದು ಹಿತ ಹೇಳಿದವರೂ ಇದ್ದರು. ನಾವು ಬದಲಿಸಲಿಲ್ಲ.

ನಾನು ರಾಯಬಾಗ ತಾಲೂಕಿನವಳು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಮ್ಮದು ದಲಿತ ಓಣಿಯ ಬೌದ್ಧ ಮನೆ. ಅಕ್ಷರ ಬರೆಯುವ ಹುಚ್ಚು ನನಗೆ ಹತ್ತಿದ್ದು ನಮ್ಮ ಓಣಿಯ ಬುದ್ಧವಿಹಾರದ ಗೋಡೆಗೆ ಬಣ್ಣ ಹಚ್ಚುವಾಗ. ಗೆಳತಿ ನಿಪ್ಪಾಣಿಯವಳು; ಅವಳ ಮನೆಯಲ್ಲಿ ಮರಾಠಿಯಲ್ಲಿ ಶುರುವಾದ ಮಾತು ಕನ್ನಡದಲ್ಲಿ ಮುಗಿಯುತ್ತದೆ. ಚಿತ್ರ, ಅಕ್ಷರ, ಬಣ್ಣ ನನ್ನ ಪಾಲು. ವೆಬ್‌ಸೈಟು, ಪ್ರೆಸ್ಸು ಮತ್ತು ಗಿರಾಕಿಗಳ ಸಿಟ್ಟು ಅವಳ ಪಾಲು.

ನಮಗೆ ಬಂದ ಮೊದಲ ದೊಡ್ಡ ಕೆಲಸ ಐನಾಪುರದ ಕಡೆಯ ಒಂದು ಮನೆತನದ್ದು. ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನೆ. ದ್ರಾಕ್ಷಿ ಒಣಗಿಸಿ ಮೂಟೆಗಟ್ಟಲೆ ಪೇಟೆಗೆ ಕಳಿಸುತ್ತಿದ್ದರು. ಒಣದ್ರಾಕ್ಷಿಗೆ ನಮ್ಮಲ್ಲಿ ಬೇದಾಣಾ ಅನ್ನುತ್ತೇವೆ. ಅದನ್ನು ಸಣ್ಣ ಡಬ್ಬಿಗಳಲ್ಲಿ ತಮ್ಮದೇ ಹೆಸರಿನಿಂದ ಮಾರಬೇಕೆಂಬ ಆಸೆ ಆ ಮನೆಯ ಕಿರಿಯ ಸೊಸೆಯದು. ನಮ್ಮನ್ನು ಹುಡುಕಿಕೊಂಡು ಬಂದವರೂ ಅವರೇ. ನಮ್ಮ ಕಡೆ ಅತ್ತಿಗೆಯನ್ನು ಕರೆಯುವಂತೆ ನಾನು ಅವರನ್ನು ವೈನಿ ಎಂದು ಕರೆದೆ. ಆದರೆ ಮಾತು ನಡೆಯುತ್ತಿದ್ದದ್ದು ಅವರ ಗಂಡನ ಅಣ್ಣನದು. ಊರವರಿಗೆ ಅವರು ಸಾವಕಾರರು. ಮೊದಲ ದಿನವೇ ಪರದೇಶದ ಯಾವುದೋ ಡಬ್ಬಿಯ ಫೋಟೋ ತೋರಿಸಿ, "ಹಿಂಗಽ ಮಾಡ್ರಿ ಮೇಡಂ. ಕೆಂಪಾನ ಹುಡುಗಿ ದ್ರಾಕ್ಷಿ ಗೊಂಚಲ ಹಿಡಿದು ನಗಬೇಕು" ಎಂದಿದ್ದರು.

ನಾನು ಒಂದು ಸಲ ಶೆಡ್ ನೋಡುತ್ತೇನೆ ಎಂದೆ.

ಶೆಡ್ಡಿನಲ್ಲಿ ಒಂದರ ಮೇಲೊಂದು ಬಲೆ ಕಟ್ಟಿ ದ್ರಾಕ್ಷಿ ಹರವಿದ್ದರು. ಅದರಾಚೆ ನೆರಳಿನಲ್ಲಿ ಹೆಂಗಸರು ಸಾಲಾಗಿ ಕೂತು, ಒಣಗಿದ ಮಾಲಿನಿಂದ ಕಡ್ಡಿ ಕಿತ್ತು, ಕಪ್ಪಾದದ್ದನ್ನು ಆಚೆ ಹಾಕಿ, ಒಳ್ಳೆಯದನ್ನು ಆರಿಸುತ್ತಿದ್ದರು. ಎಲ್ಲರಿಗಿಂತ ಹಿರಿಯಳೊಬ್ಬಳು ನನ್ನನ್ನು ನೋಡಿ, "ಯಾ ಊರ ಮಗಳವಾ ನೀ?" ಎಂದಳು. ಊರು ಹೇಳಿದೆ, ಓಣಿಯನ್ನೂ ಹೇಳಿದೆ. ಅವಳ ಮುಖ ಅರಳಿತು.

"ಹಂಗಾರ ನಮ್ಮಾಕಿನಽ ಬಿಡು. ಕುಂಡ್ರ ಬಾ."

ಅವಳ ಪಕ್ಕ ಕೂತೆ. ಕೈಗಳು ನಿಲ್ಲುತ್ತಲೇ ಇರಲಿಲ್ಲ. ಮುಂಗೈ ಮೇಲೆ ಹಸಿರು ಹಚ್ಚೆ, ಬಲಗೈಯ ಕಿರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಉಗುರಿನ ಸುತ್ತ ದ್ರಾಕ್ಷಿಯ ಸಿಹಿ ಅಂಟು ಕಪ್ಪಾಗಿ ಕೂತಿತ್ತು.

"ಆಯಿ, ನಿನ್ನ ಕೈ ಬರ್ಕೊಳ್ಲಿ?"

"ಮುಖ ಬಿಟ್ಟು ಕೈ ಯಾಕಬೇ?" ಎಂದು ನಕ್ಕಳು. ಎಲ್ಲರೂ ನಕ್ಕರು. "ಬರ್ಕೊ. ಆದ್ರ ನಾ ಕೆಲಸ ನಿಲ್ಲಸಂಗಿಲ್ಲ ನೋಡು."

ಆ ಕೈಗಳನ್ನೇ ಡಬ್ಬಿಯ ಮೇಲೆ ತಂದೆ. ಬಿಳಿ ಹಿನ್ನೆಲೆ, ಎರಡು ಕಪ್ಪು ಕೈ, ಬೊಗಸೆಯಲ್ಲಿ ಹೊಂಬಣ್ಣದ ಒಣದ್ರಾಕ್ಷಿ. ಹಚ್ಚೆಯಿತ್ತು, ಸೊಟ್ಟ ಬೆರಳೂ ಇತ್ತು. ಮೇಲೆ ಕನ್ನಡ ಅಕ್ಷರ, ಕೆಳಗೆ ಸಣ್ಣದಾಗಿ ಮರಾಠಿ, ಇಂಗ್ಲಿಷು. ವೈನಿಗೆ ಫೋನಿನಲ್ಲಿ ಕಳಿಸಿದೆ. "ಬಾಳ ಚಂದ ಆಗೇತ್ರಿ" ಎಂದು ಉತ್ತರ ಬಂತು. ನಾವು ಮಾದರಿ ಡಬ್ಬಿ ಮಾಡಿಕೊಂಡು ಗೆಳತಿಯ ಹಳೆಯ ಕಾರಿನಲ್ಲಿ ಅವರ ಮನೆಗೆ ಹೋದೆವು.

ಪಡಸಾಲೆಯಲ್ಲಿ ಚಹಾ ಬಂತು. ಸಾವಕಾರರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದ್ಯಾರ ಕೈರಿ?"

"ನಿಮ್ಮ ಶೆಡ್ಡಿನಾಗ ಆರಸ್ತಾರಲ್ರಿ, ಅವರದು."

"ಕೂಲಿ ಹೆಣ್ಮಕ್ಕಳದಾ? ತಲಿ ಐತೇನ್ರಿ ನಿಮಗ? ಯಾರ ಕೈ ಅಂತ ಮಂದಿಗಿ ಗೊತ್ತಾದ್ರ ಮನಿಯೊಳಗ ತಂದು ತಿಂತಾರೇನು?"

ಬಾಗಿಲಲ್ಲಿ ನಿಂತಿದ್ದ ವೈನಿ ನೆಲ ನೋಡಿದರು. ನಾನು ಚಹಾದ ಕಪ್ಪು ಕೆಳಗಿಟ್ಟೆ.

"ಇಷ್ಟು ವರ್ಷ ಆ ಕೈ ಆರಿಸಿದ್ದನ್ನಽ ತಿನ್ನಾಕತ್ತಾರಲ್ರಿ ಮಂದಿ. ನೀವೂ ತಿಂದೀರಿ."

ಅವರು ನನ್ನನ್ನು ಆಗಷ್ಟೇ ಕಂಡವರಂತೆ ದಿಟ್ಟಿಸಿದರು. "ನಿಮ್ಮ ಅಡ್ಡಹೆಸರು ಏನಂದ್ರಿ?"

ಜಾತಿ ತಿಳಿಸುವ ಆ ಮನೆತನದ ಹೆಸರನ್ನು ಅಲ್ಲಿಯವರೆಗೂ ಯಾರೂ ಕೇಳಿರಲಿಲ್ಲ. ಹೇಳಿದೆ. ಊರನ್ನೂ ಓಣಿಯನ್ನೂ ಸೇರಿಸಿ ಹೇಳಿದೆ. ಅವರ ಬಾಯಲ್ಲಿ 'ಮೇಡಂ' ಎನ್ನುವುದು ಅಲ್ಲಿಗೆ ಮುಗಿಯಿತು.

"ಹಂಗ ಹೇಳು ಮತ್ತ. ಕೈ ತಗದು ಹುಡುಗಿ ಚಿತ್ರ ಹಾಕ್ಕೊಂಡು ಬಾ, ಹೋಗು."

"ಆ ಕೈ ತಗ್ಯಾಂಗಿಲ್ರಿ. ನನ್ನ ಕೈನೂ ಅಂಥದ್ದಽ. ಬ್ಯಾಡಾದ್ರ ಎರಡೂ ಬ್ಯಾಡ ಅನ್ರಿ." ನಾನು ಅವರಿಗೆ ಬಹುವಚನವನ್ನೇ ಬಳಸಿದೆ. ಹೆದರಿ ಅಲ್ಲ, ಮಾತಿನಲ್ಲಿ ಅವರ ಮಟ್ಟಕ್ಕೆ ಇಳಿಯುವುದು ಬೇಡವಾಗಿತ್ತು. ಡಬ್ಬಿ ಎತ್ತಿಕೊಂಡು ಹೊರಬಂದೆ.

ಗೆಳತಿ ಕಾರನ್ನು ಊರಾಚೆಯ ದಾರಿಗೆ ತಂದಳು. ಆಮೇಲೆ, "ನನ್ನ ಒಂದ್ ಮಾತು ಕೇಳ್ದಽ ಎದ್ದಿ ನೀ" ಎಂದಳು.

"ಕೇಳಿದ್ರ ಏನಂತಿದ್ದಿ?"

"ಏಳು ಅಂತಿದ್ದೆ. ಆದ್ರ ಕೇಳಬೇಕಿತ್ತು. ಆಫೀಸು ನಂದೂ ಹೌದು, ಸಿಟ್ಟೂ ನಂದೂ ಹೌದು." ಅವಳು ಹೇಳಿದ್ದು ಸರಿಯಾಗಿತ್ತು. ದಾರಿಯುದ್ದಕ್ಕೂ ನಾವಿಬ್ಬರೂ ಆ ಮನೆಯನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬೈಯುತ್ತ ಬಂದೆವು.

ಮುಗಿಯಿತು ಎಂದುಕೊಂಡಿದ್ದೆವು. ಒಂದು ದಿನ ಗೆಳತಿ ನಿಪ್ಪಾಣಿಯ ಅಂಗಡಿಯೊಂದರಿಂದ ಡಬ್ಬಿಯೊಂದನ್ನು ತಂದು ನನ್ನ ಟೇಬಲ್ ಮೇಲೆ ಕುಕ್ಕಿದಳು. ಅದೇ ಮನೆತನದ ಹೆಸರು. ಅದೇ ಬೊಗಸೆ, ನಾನು ಎಳೆದ ಅದೇ ಗೆರೆ. ಆದರೆ ಕೈಗಳ ಬಣ್ಣ ಗುಲಾಬಿ. ಹಚ್ಚೆ ಅಳಿಸಿದ್ದರು. ಸೊಟ್ಟ ಬೆರಳನ್ನು ನೆಟ್ಟಗೆ ಮಾಡಿದ್ದರು. ಉಗುರಿಗೆ ಕೆಂಪು ಪಾಲಿಶು, ಮುಂಗೈಗೆ ಬಂಗಾರದ ಬಳೆ. ಗಡಿಯಾಚೆಯ ಯಾರೋ ಡಿಸೈನರಿಗೆ ನಮ್ಮ ಚಿತ್ರ ಕೊಟ್ಟು ತಿದ್ದಿಸಿದ್ದರು.

ಕದ್ದದ್ದಕ್ಕಿಂತ ಆ ಬೆರಳು ನೆಟ್ಟಗಾದದ್ದು ನನಗೆ ಹೆಚ್ಚು ಉರಿಯಿತು. ವಕೀಲರ ಹತ್ತಿರ ಹೋಗೋಣ ಎಂದಳು ಗೆಳತಿ. ಅದನ್ನೂ ಮಾಡೋಣ, ಮೊದಲು ಇನ್ನೊಂದು ಕೆಲಸವಿದೆ ಎಂದೆ. ಈ ಸಲ ಅವಳಿಗೆ ಹೇಳಿಯೇ ಹೊರಟೆ, ಅವಳೂ ಬಂದಳು. ನೇರ ಆಯಿಯ ಮನೆಗೆ ಹೋದೆವು.

ಆಯಿ ಗುಲಾಬಿ ಕೈಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಇದು ಯಾವಾಕಿ ಕೈ? ಇಷ್ಟುದ್ದ ಉಗುರು ಬಿಟ್ಕೊಂಡು ಬೇದಾಣಾ ಆರಿಸಿದ್ರ ದಿನಕ್ಕ ಒಂದು ಬುಟ್ಟಿನೂ ಆಗಂಗಿಲ್ಲ."

"ಆಯಿ, ನಿನ್ನ ಖರೇ ಕೈ ದೊಡ್ಡದಾಗಿ ಮಾಡಿ ಚಿಕ್ಕೋಡ್ಯಾಗ ನಮ್ಮ ಆಫೀಸಿನ ಮುಂದ ಹಾಕಬೇಕಂತ ಮಾಡೀನಿ. ಆದ್ರ ಅವರು ನಿನ್ನ ಕೆಲಸ ಬಿಡಸಬಹುದು."

"ಬಿಡಸಲಿ. ಸುಗ್ಗ್ಯಾಗ ಕೈಯಿಗಿ ಅಷ್ಟು ಬರಗಾಲ ಐತಿ, ಶೆಡ್ಡಿನವರಽ ಮನೀ ಬಾಗಲಿಗಿ ಬರ್ತಾರ. ಹಾಕು ನೀ. ಸಣ್ಣದ ಹಾಕಬ್ಯಾಡ ಮತ್ತ."

ಹೀಗೆ, ಫ್ಲೆಕ್ಸ್ ಮಾಡುವುದಿಲ್ಲ ಎಂದು ಎಲ್ಲರನ್ನೂ ವಾಪಸು ಕಳಿಸಿದ್ದ ನಾವು ಒಂದು ಫ್ಲೆಕ್ಸ್ ಮಾಡಿದೆವು. ಪಂಪ್‌ಸೆಟ್ ಅಂಗಡಿಯ ಮೇಲೆ, ನಮ್ಮ ಕಿಟಕಿಗಳ ಕೆಳಗಿನ ಗೋಡೆಯ ಉದ್ದಕ್ಕೂ ಆ ಎರಡು ಕಪ್ಪು ಕೈಗಳು. ಕೆಳಗೆ ಎರಡೇ ಸಾಲು: 'ಈ ಕೈಗಳ ಚಿತ್ರ ಬಿಡಿಸಿದವರು ನಾವು. ಅವುಗಳ ಬಣ್ಣ ಇದೇ.' ಯಾರ ಹೆಸರನ್ನೂ ಹಾಕಲಿಲ್ಲ. ಗೆಳತಿ ಅದೇ ಚಿತ್ರವನ್ನು ನಮ್ಮ ವೆಬ್‌ಸೈಟಿನ ಮೊದಲ ಪುಟಕ್ಕೆ ತಂದಳು.

ಅಂಗಡಿಗಳಲ್ಲಿ ಗುಲಾಬಿ ಕೈಯ ಡಬ್ಬಿ ನೋಡಿದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಬಸ್ಸಿನಿಂದ ಕತ್ತು ಚಾಚಿ ನೋಡುತ್ತಿದ್ದರು. ಕೆಲವರು ಫೋಟೋ ತೆಗೆದರು. ಒಂದಿಬ್ಬರು ಗಿರಾಕಿಗಳು, ನಾವು ಜಗಳಗಂಟಿಯರು ಎಂದು ತಮ್ಮ ಕೆಲಸ ಹಿಂದಕ್ಕೆ ಒಯ್ದರು. ಅವರನ್ನು ತಡೆಯಲಿಲ್ಲ.

ಸಾವಕಾರರು ಜೀಪಿನಲ್ಲಿ ಬಂದದ್ದು ಸಂತೆಯ ದಿನ, ರಸ್ತೆ ತುಂಬ ಜನ. ಮೇಲೆ ಹತ್ತಲಿಲ್ಲ; ಕೆಳಗಿನಿಂದಲೇ ಕೂಗಿದರು. ನಾನು ಇಳಿದು ಹೋದೆ. ಗೆಳತಿ ಬಂದು ನನ್ನ ಪಕ್ಕ ನಿಂತಳು.

"ತಗೀ ಅದನ್ನ."

"ಯಾಕ್ರಿ? ಅದರಾಗ ನಿಮ್ಮ ಹೆಸರು ಎಲ್ಲೈತಿ?"

"ಊರಿಗೆಲ್ಲಾ ಗೊತ್ತಾಗೇತಿ."

"ಏನು ಗೊತ್ತಾಗೇತ್ರಿ?"

ಪಂಪ್ ಕೊಳ್ಳಲು ಬಂದ ರೈತರು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಕಾಯಿಪಲ್ಲೆ ಚೀಲ ಹಿಡಿದ ಹೆಂಗಸರು ನಿಂತಿದ್ದರು. ಅವರಲ್ಲಿ ಎಲ್ಲ ಓಣಿಯವರೂ ಇದ್ದರು.

"ನಿಮ್ಮ ಪಡಸಾಲ್ಯಾಗ ಹೇಳಿದ್ರಲ್ಲಾ, ಯಾರ ಕೈ ಅಂತ ಗೊತ್ತಾದ್ರ ಮಂದಿ ತಿನ್ನಂಗಿಲ್ಲ ಅಂತ. ಇಲ್ಲಿ ಮಂದಿ ನಿಂತೈತಿ. ಅದನ್ನಽ ಗಟ್ಟಿಯಾಗಿ ಹೇಳ್ರಿ. ನಾ ಈಗಽ ಇಳಸ್ತೀನಿ."

ಸಾವಕಾರರು ಕಟ್ಟೆಯ ಕಡೆ ನೋಡಿದರು, ಸಂತೆಯ ಕಡೆ ನೋಡಿದರು. ಜೀಪು ಹತ್ತಿ ಬಾಗಿಲು ಬಡಿದುಕೊಂಡು ಹೋದರು. ಕಟ್ಟೆಯ ಮೇಲಿನ ಒಬ್ಬ ಮುದುಕ ತನ್ನ ಕೈಯನ್ನು ತಾನೇ ಹೊರಳಿಸಿ ನೋಡಿಕೊಂಡು, "ನಮ್ಮದೂ ಇದಽ ಬಣ್ಣ ಐತಲ್ಲೋ" ಎಂದ. ಜನ ನಕ್ಕು ಚದುರಿದರು.

ಗುಲಾಬಿ ಡಬ್ಬಿ ನಿಲ್ಲಲಿಲ್ಲ. ನಮ್ಮ ವಕೀಲರು ಕಳಿಸಿದ ನೋಟಿಸಿಗೆ ಉತ್ತರವಾಗಿ ಬಳೆಗೆ ಇನ್ನೊಂದು ಬಳೆ ಸೇರಿಸಿ, ಇದು ಬೇರೆ ಚಿತ್ರ ಎಂದರು. ಇಂದಿಗೂ ಅಥಣಿಯ ಅಂಗಡಿಗಳಲ್ಲಿ ಅದು ಸಿಗುತ್ತದೆ. ಆಯಿಯನ್ನು ಕೆಲಸದಿಂದ ಬಿಡಿಸಿದರು. ಅವಳ ಜೊತೆ ಕೂಡುತ್ತಿದ್ದ ಹೆಂಗಸರೆಲ್ಲ ಎದ್ದು ಕಾಗವಾಡ ಹಾದಿಯ ಇನ್ನೊಂದು ಶೆಡ್ಡಿಗೆ ಹೋದರು.

ಮುಂದಿನ ಸುಗ್ಗಿಗೆ ವೈನಿ ನಮ್ಮ ಮೆಟ್ಟಿಲು ಹತ್ತಿ ಬಂದರು. ಅವರ ಮನೆಯಲ್ಲಿ ಆಸ್ತಿ ಪಾಲಾಗಿತ್ತು.

"ನನ್ನ ಪಾಲಿನ ದ್ರಾಕ್ಷಿ ನಾನಽ ಮಾರ್ತೀನ್ರಿ. ನನಗ ಆ ಮದಲಿನ ಕೈ ಬೇಕು" ಎಂದರು.

"ಚಿತ್ರ ಅವರಿಗಿ ಹೆಂಗ ಸಿಕ್ಕಿತು ವೈನಿ?"

"ನನ್ನ ಫೋನಿನಿಂದಽ ಭಾವನೋರು ಕಳಿಸಿದ್ರು. ನಾ ಎದುರಿಗಿ ನಿಂತಿದ್ದೆ. ಸುಮ್ನಾದೆ."

ಪರವಾಗಿಲ್ಲ ಎಂದು ನಾನು ಹೇಳಲಿಲ್ಲ. ಅದು ಅಷ್ಟು ಸಣ್ಣ ಮಾತಾಗಿರಲಿಲ್ಲ. "ಕೈ ನಂದಲ್ಲ, ಆಯೀದು. ಆಕಿನ್ನ ಕೇಳ್ರಿ" ಎಂದೆ.

ವೈನಿ ಆಯಿಯ ಮನೆಗೆ ಹೋದರು. ಅಲ್ಲಿ ಕೂತು ಚಹಾ ಕುಡಿದರು ಎಂದು ಆಯಿಯೇ ಆಮೇಲೆ ಫೋನು ಮಾಡಿ ಹೇಳಿದಳು. ಅವಳು ಇಟ್ಟ ಷರತ್ತು ನಮಗ್ಯಾರಿಗೂ ಹೊಳೆದಿರಲಿಲ್ಲ: ಆರಿಸುವ ಹೆಂಗಸರೆಲ್ಲರ ಹೆಸರು ಡಬ್ಬಿಯ ಬದಿಯಲ್ಲಿ ಅಚ್ಚಾಗಬೇಕು, ಅಡ್ಡಹೆಸರಿನ ಸಮೇತ. "ಗೊತ್ತಾಗಬಾರದು ಅಂತಿದ್ರಲ್ಲ, ಗೊತ್ತಾಗಲಿ" ಎಂದಿದ್ದಳಂತೆ. ವೈನಿ ಒಪ್ಪಿದರು.

ಡಬ್ಬಿ ಅಚ್ಚಾದದ್ದು ನಿಪ್ಪಾಣಿಯ ಒಂದು ಪ್ರೆಸ್ಸಿನಲ್ಲಿ. ಮೊದಲ ಹಾಳೆ ಹೊರಬಂದಾಗ ಮಷಿನ್ ನಡೆಸುವವರು ಅದನ್ನು ಬೆಳಕಿಗೆ ಹಿಡಿದು ತಲೆ ಕೆರೆದುಕೊಂಡರು.

"ಮೇಡಂ, ಕೈ ಬಾಳ ಡಾರ್ಕ್ ಬರಾಕತ್ತೈತಿ. ಸ್ವಲ್ಪ ಲೈಟ್ ಮಾಡ್ಲೇನ್ರಿ?"

ಅವರ ದನಿಯಲ್ಲಿ ಯಾವ ಕೆಟ್ಟತನವೂ ಇರಲಿಲ್ಲ. ದಿನವೂ ಎಲ್ಲರ ಮುಖವನ್ನೂ ಹಾಗೆ ತಿಳಿ ಮಾಡಿಕೊಟ್ಟು ರೂಢಿ.

"ಬ್ಯಾಡ್ರಿ, ಹಂಗಽ ಹೊಡೀರಿ" ಎಂದೆ. ಗೆಳತಿ ನನ್ನ ಹಿಂದಿನಿಂದ ಮರಾಠಿಯಲ್ಲೂ ಅದನ್ನೇ ಹೇಳಿದಳು. ಅವರು ಮಷಿನ್ ಚಾಲೂ ಮಾಡಿದರು.