ರೂಲ್ಫ್ ಕೂರದ ಕುರ್ಚಿ

ಫೆನ್ನಾ ಮೂವತ್ತೊಂದು ವರ್ಷ ನಮ್ಮ ಕಾಲುವೆಯ ಸೇತುವೆ ಕಾದವಳು. ದೋಣಿ ಬಂದರೆ ಸೇತುವೆ ಎತ್ತುವುದು, ದಾಟಿದ ಮೇಲೆ ಇಳಿಸುವುದು, ಉಳಿದ ಹೊತ್ತೆಲ್ಲ ಗೂಡಿನಂಥ ಕೋಣೆಯಲ್ಲಿ ಮರದ ಕುರ್ಚಿಯ ಮೇಲೆ ಕೂರುವುದು. ನಮ್ಮ ಇಡೀ ವಿನ್ಸ್‌ಕೋಟೆನ್ ಊರಿನಲ್ಲಿ ಕೂರುವ ವಿದ್ಯೆ ಅವಳಷ್ಟು ಕಲಿತವರಿಲ್ಲ. ಅಂಥವಳಿಗೆ ಫರ್ನಿಚರ್ ಅಂಗಡಿಯ ರೂಲ್ಫ್ ಹೇಳಿದ್ದು ಹೀಗೆ: "ನಿಮಗೆ ಕೂರೋಕೆ ಬರಲ್ಲ ಅತ್ತೆ."

ಅತ್ತೆ ಎಂದದ್ದು ಬಾಯುಪಚಾರಕ್ಕಲ್ಲ. ಅವನ ಹೆಂಡತಿ ಆಲೀ ಫೆನ್ನಾಳ ತಂಗಿಯ ಮಗಳು. ನೆಂಟಸ್ತಿಕೆ ಇದೆಯೆಂದೇ ಫೆನ್ನಾ ಅವನ ಅಂಗಡಿಗೆ ಹೋದದ್ದು, ಕೆಟ್ಟದ್ದು.

ಮಂಡಿಯ ಆಪರೇಷನ್ ಆದಮೇಲೆ ಅವಳಿಗೆ ಎತ್ತರದ, ಗಟ್ಟಿ ಕೈಗಳ ಕುರ್ಚಿ ಬೇಕಾಗಿತ್ತು. ರೂಲ್ಫ್ ರಿಯಾಯಿತಿಯಲ್ಲಿ ಮಾರಿದ ಕುರ್ಚಿಯ ಹಿಂಗಾಲಿನ ಸಂದು ನಾಲ್ಕನೇ ತಿಂಗಳಿಗೇ ಬಿಟ್ಟುಕೊಂಡಿತು. ಒಂದು ಮಧ್ಯಾಹ್ನ ಏಳಲು ಹೋಗಿ ಕುರ್ಚಿ ಸಮೇತ ಉರುಳಿದಳು. ಗೋಡೆ ಬಡಿದ ಸದ್ದು ಕೇಳಿ ಪಕ್ಕದ ಮನೆಯಿಂದ ನಾನೇ ಓಡಿಹೋಗಿ ಎಬ್ಬಿಸಿದೆ. ವಾರಕ್ಕೊಮ್ಮೆ ಬರುವ ನರ್ಸ್ ಮುಖಕ್ಕೇ ಹೇಳಿದಳು: "ನೀವೇ ಕೂತು ನೀವೇ ಏಳೋಕಾಗದಿದ್ರೆ ಒಬ್ಬರೇ ಇರೋಕೆ ಬಿಡಲ್ಲ. ವೃದ್ಧಾಶ್ರಮದಲ್ಲಿ ಜಾಗ ನೋಡ್ಬೇಕಾಗುತ್ತೆ." ಆ ಆಶ್ರಮದ ಕಿಟಕಿಗಳಿಂದ ಕಾಣುವುದು ಕಾರು ನಿಲ್ಲಿಸುವ ಜಾಗ. ಫೆನ್ನಾ ಅವತ್ತು ಊಟ ಮಾಡಲಿಲ್ಲ.

ರೂಲ್ಫ್ ನೋಡಲು ಬಂದ. ಬಂದವನು ಬಗ್ಗಲಿಲ್ಲ, ಜೇಬಿನಿಂದ ಕೈ ತೆಗೆಯಲಿಲ್ಲ.

"ರಿಯಾಯಿತಿ ಮಾಲು, ವಾಪಸ್ ತಗೊಳ್ಳಲ್ಲ," ಎಂದ.

"ಒಂದು ವರ್ಷದೊಳಗೆ ಕೆಟ್ರೆ ಮೊದಲೇ ದೋಷ ಇತ್ತು ಅಂತಾನೇ ಕಾನೂನು ಹಿಡಿಯೋದು," ಎಂದೆ ನಾನು. "ಇರಲಿಲ್ಲ ಅಂತ ತೋರಿಸ್ಬೇಕಾದೋನು ನೀನು. ರಿಯಾಯಿತಿ ಆದ್ರೂ ಅಷ್ಟೇ."

"ಹಾಗಾದ್ರೆ ಫ್ಯಾಕ್ಟರಿಗೆ ಬರೀರಿ."

"ಮಾರಿದ್ದು ಫ್ಯಾಕ್ಟರಿಯಾ, ನೀನಾ?"

ಆಗಲೇ ಅವನು ಕೂರೋಕೆ ಬರಲ್ಲ ಎಂದದ್ದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮಹಾಶಯ ನೆಲದ ಡೊಂಕನ್ನೇ ಕುಣಿಯುವವಳ ತಲೆಗೆ ಕಟ್ಟಿದ. ಎರಡು ದಿನಕ್ಕೆ ಅಂಗಡಿಯ ಮೊಹರು ಹೊತ್ತ ಕಾಗದವೂ ಬಂತು: "ಕುರ್ಚಿಯಲ್ಲಿ ಯಾವ ದೋಷವೂ ಇಲ್ಲ. ಸರಿಯಾಗಿ ಕೂತರೆ ಸಂಪೂರ್ಣ ಸುರಕ್ಷಿತ." ಫೆನ್ನಾ ಅದನ್ನು ಎರಡು ಸಲ ಓದಿ ಗಡಿಯಾರದ ಹಿಂದೆ ಸಿಕ್ಕಿಸಿದಳು.

ಮುಂದಿನ ಶನಿವಾರ ಅವಳ ಹುಟ್ಟುಹಬ್ಬ. ನಮ್ಮಲ್ಲಿ ಹುಟ್ಟುಹಬ್ಬವೆಂದರೆ ಕುರ್ಚಿಗಳನ್ನು ದುಂಡಗೆ ಜೋಡಿಸಬೇಕು, ಬಂದವರು ಸುತ್ತು ಹಾಕಿ ಎಲ್ಲರ ಕೈ ಕುಲುಕಿ ಕೂರಬೇಕು, ಒಂದೇ ತುಂಡು ಕೇಕ್ ತಿಂದು ಹವಾಮಾನವನ್ನು ಬೈಯಬೇಕು. ಆ ಸುತ್ತಿನಲ್ಲಿ ನಿಂತು ತಿನ್ನುವವರಿಲ್ಲ. ಕುರ್ಚಿ ಹೊಂದಿಸುವ ಕೆಲಸ ನನ್ನದು.

"ಒಂದು ಕಡಿಮೆ ಇಡು," ಎಂದಳು ಫೆನ್ನಾ.

ನನಗೆ ಅರ್ಥವಾಯಿತು. ಮುರುಕು ಕುರ್ಚಿಯನ್ನು ಕಿಟಕಿಯ ಪಕ್ಕ ಸುತ್ತಿನಲ್ಲಿ ಸೇರಿಸಿ, ಬೇರೆ ಯಾರೂ ಕೂರದಂತೆ ಅದರ ಮೇಲೆ ಕೇಕಿನ ಡಬ್ಬಿ ಇಟ್ಟೆ. ಆಲೀ ಮೊದಲೇ ಬಂದಿದ್ದಳು. ರೂಲ್ಫ್ ಅಂಗಡಿ ಮುಚ್ಚಿ ಎಲ್ಲರಿಗಿಂತ ಕೊನೆಗೆ ಬರುವವನು. ಬಂದ, ಹನ್ನೊಂದು ಜನರ ಕೈ ಕುಲುಕಿದ. ನಾನು ಡಬ್ಬಿ ಎತ್ತಿದೆ.

"ಕೂತ್ಕೋ ರೂಲ್ಫ್," ಎಂದಳು ಫೆನ್ನಾ.

ಅವನು ಕುರ್ಚಿಯ ಕೈ ಮೇಲೆ ಅಂಗೈ ಊರಿ ನೋಡಿ, ಒಲೆ ಮುಟ್ಟಿದವನಂತೆ ತೆಗೆದ.

"ಬೇಡ ಅತ್ತೆ, ನಿಂತೇ ಇರ್ತೀನಿ. ಬೆಳಗಿಂದ ಕೂತೂ ಕೂತೂ ಸಾಕಾಗಿದೆ."

"ಸರಿಯಾಗಿ ಕೂರೋರಿಗೆ ಏನೂ ಆಗಲ್ಲ ಕಣೋ. ನೀನೇ ಬರೆದಿದ್ದೀಯಲ್ಲ." ಗಡಿಯಾರದ ಹಿಂದಿನ ಕಾಗದ ತೆಗೆದು ಪಕ್ಕದವರಿಗೆ ಕೊಟ್ಟಳು. ಕಾಗದ ಕೈಯಿಂದ ಕೈಗೆ ಸುತ್ತು ಹೊಡೆಯಿತು. ಆಲೀ ಓದಿ ಗಂಡನ ಕಡೆ ನೋಡಿದಳು.

"ಕೂತ್ಕೊಳ್ರೀ ಮತ್ತೆ," ಎಂದಳು.

ಅವನು ಕೂರಲಿಲ್ಲ. ಪರದೆಯೇ ಎಳೆಯದ ಕಿಟಕಿಯ ಮುಂದೆ, ಹೋಗಿಬರುವವರಿಗೆಲ್ಲ ಕಾಣುವಂತೆ, ತಟ್ಟೆ ಹಿಡಿದು ಮುಕ್ಕಾಲು ಗಂಟೆ ನಿಂತೇ ಕೇಕ್ ತಿಂದ. ನನಗೆ ಒಂದು ಚೂರೂ ಕನಿಕರ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಹೊಸ ಕುರ್ಚಿಯನ್ನು ಅವನೇ ಹೊತ್ತು ತಂದ.

"ಮೊದಲು ನೀನು ಕೂರು," ಎಂದಳು ಫೆನ್ನಾ. ಕೂತ. "ಏಳು." ಎದ್ದ. ಆಮೇಲೆ ತಾನು ಕೂತಳು, ಕೈ ಊರಿದಳು, ಯಾರ ಆಸರೆಯೂ ಇಲ್ಲದೆ ಎದ್ದಳು, ನಡೆದುಹೋಗಿ ಅವನಿಗೆ ಬಾಗಿಲು ತೆಗೆದಳು.