ಆಚೆ ದಡದ ಕೆಂಪು ಜಾಕೆಟ್

ದೆವ್ವ, ಭೂತ ಎಂಬ ಮಾತು ಬಂದರೆ ಎದ್ದು ಟೀ ಮಾಡಲು ಅಡುಗೆಮನೆಗೆ ಹೋಗುವವನು ನಾನು. ಮೈಸೂರಿನ ಹಾಸ್ಟೆಲಿನಲ್ಲೂ ಹಾಗೇ ಇದ್ದೆ, ಕ್ರೈಸ್ಟ್‌ಚರ್ಚಿಗೆ ಬಂದ ಮೇಲೂ ಹಾಗೇ ಇದ್ದೆ. ಇಲ್ಲಿನ ಹಾರ್ನ್‌ಬಿ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಕೆಟ್ಟು ನಿಂತ ಯಂತ್ರ ಯಾಕೆ ಕೆಟ್ಟಿತು ಎಂದು ಹುಡುಕುವುದು ನನ್ನ ಕೆಲಸ. ಕಾರಣ ತಡವಾಗಿ ಸಿಕ್ಕಿದ್ದುಂಟು, ಸಿಗದೇ ಹೋದದ್ದಿಲ್ಲ. ನಾಲ್ಕು ವರ್ಷದ ಹಿಂದೆ ನಡೆದ ಈ ಒಂದು ಸಂಗತಿಗೆ ಮಾತ್ರ ಇನ್ನೂ ಸಿಕ್ಕಿಲ್ಲ. ನೀವು ನಂಬಲೇಬೇಕು ಎಂದು ಹೇಳುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಆ ಜನವರಿಯ ಬೇಸಿಗೆ ರಜೆಯಲ್ಲಿ ಮಗಳು ಅನಿಕಾ ಕುದುರೆಯ ಹಟ ಹಿಡಿದಿದ್ದಳು. ಆಗ ಅವಳಿಗೆ ಒಂಬತ್ತು ವರ್ಷ. ಹುಟ್ಟಿದ್ದು ಇಲ್ಲೇ. ನಾವು ಹೇಳಿದ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟ ಬೇಡ" ಎನ್ನುವುದಕ್ಕಿಂತ ಉದ್ದದ ಕನ್ನಡವನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ನನ್ನ ಹೆಂಡತಿ ವಿದ್ಯಾ ಆಸ್ಪತ್ರೆಯಲ್ಲಿ ನರ್ಸ್; ಅವಳಿಗೆ ಐದು ದಿನ ರಜೆ ಸಿಕ್ಕಿದ್ದೇ ತಡ, ಬೆಟ್ಟದ ಕಡೆ ಹೊರಟೆವು. ಲಿನ್ ಎಂಬ ಅರವತ್ತರ ಹೆಂಗಸು ತನ್ನ ಕುದುರೆಗಳ ಮೇಲೆ ಜನರನ್ನು ಕಣಿವೆಯೊಳಗೆ ಕರೆದುಕೊಂಡು ಹೋಗಿ, ಎರಡು ರಾತ್ರಿ ಟೆಂಟಿನಲ್ಲಿ ಮಲಗಿಸಿ, ವಾಪಸ್ ತಂದು ಬಿಡುತ್ತಿದ್ದಳು. ಕಡಿಮೆ ಮಾತಿನ, ಗಟ್ಟಿ ಹೆಂಗಸು. ನನಗೆ ಕೊಟ್ಟದ್ದು ಡ್ಯೂಕ್ ಎಂಬ ದೊಡ್ಡ ಕಂದು ಕುದುರೆ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬೇಡ, ಕುದುರೆ ಬೆದರಿದರೆ ಬೆರಳು ಹೋಗುತ್ತದೆ ಎಂದು ಲಿನ್ ಎರಡು ಸಲ ಎಚ್ಚರಿಸಿದ್ದಳು.

ಎರಡನೆಯ ದಿನ ಮಧ್ಯಾಹ್ನ ಹೊಳೆ ದಾಟಿದೆವು. ಹೊಳೆಯೆಂದರೆ ಅಗಲವಾದ ಕಲ್ಲಿನ ಹಾಸು, ಅದರೊಳಗೆ ಮೂರು ನಾಲ್ಕು ಸೀಳಾಗಿ ಹರಿಯುವ ತಿಳಿನೀರು. ಕುದುರೆಯ ಮೊಣಕಾಲೂ ಮುಳುಗಲಿಲ್ಲ. ದಾಟಿದ ಮೇಲೆ ದಡದ ಹುಲ್ಲಿನಲ್ಲಿ ಟೆಂಟ್ ಹಾಕಿದೆವು. ವಾಯವ್ಯದಿಂದ ಬಿಸಿಗಾಳಿ ಬೀಸುತ್ತಿತ್ತು. ನಮ್ಮ ತಲೆಯ ಮೇಲೆ ಒಂದು ಮೋಡವಿರಲಿಲ್ಲ. ಕಣಿವೆಯ ತುದಿಯ ಬೆಟ್ಟಗಳು ಮಾತ್ರ ಕಾಣದಷ್ಟು ಕಪ್ಪಾಗಿದ್ದವು. ಲಿನ್ ಆ ಕಡೆಯೇ ಮತ್ತೆ ಮತ್ತೆ ನೋಡುತ್ತಿದ್ದಳು. ಕುದುರೆಗಳು ಮೇಯುವುದನ್ನು ಬಿಟ್ಟು ಒತ್ತಾಗಿ ನಿಂತಿದ್ದವು.

ಐದು ಗಂಟೆಯಿರಬೇಕು. ಡ್ಯೂಕ್‌ಗೆ ನೀರು ಕುಡಿಸಲು ಹೊಳೆಗೆ ಇಳಿದೆ. ಅದು ಮೂತಿ ಹಾಕಿ ಮೂಸಿತು, ಕುಡಿಯಲಿಲ್ಲ. ಒತ್ತಾಯ ಮಾಡೋಣವೆಂದು ಹಗ್ಗ ಎಳೆಯುತ್ತಿದ್ದಾಗ ಆಚೆ ದಡದಲ್ಲಿ ಕೆಂಪು ಬಣ್ಣ ಕಂಡಿತು. ನೋಡಿದರೆ ಅನಿಕಾ. ಬೆಳಿಗ್ಗೆ ಕುದುರೆ ಹತ್ತುವಾಗ ಹಾಕಿದ್ದ ಅದೇ ಕೆಂಪು ಜಾಕೆಟ್, ಅದೇ ಬಿಳಿ ಹೆಲ್ಮೆಟ್. ಕಲ್ಲುಗಳ ಮೇಲೆ ಒಬ್ಬಳೇ ನಿಂತಿದ್ದಳು.

ಒಬ್ಬಳೇ ಯಾವಾಗ ದಾಟಿದಳು? "ಅಲ್ಲೇ ನಿಂತ್ಕೋ! ಅಲ್ಲಾಡ್ಬೇಡ!" ಎಂದು ಕೂಗಿದೆ. ಅವಳು ಕೈಯೆತ್ತಿ ಕರೆದಳು. ಆ ಗಾಳಿಯಲ್ಲೂ ದನಿ ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು.

"ಅಪ್ಪಾ, ಬೇಗ ಬಾ. ನೀರು ಕಮ್ಮಿ ಇದೆ."

ದನಿ ಅವಳದ್ದೇ. ಆ ಕ್ಷಣದಲ್ಲಿ ಅದು ಕನ್ನಡ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ನೀರಿಗೆ ಕಾಲಿಟ್ಟೆ. ಡ್ಯೂಕ್ ನಾಲ್ಕೂ ಕಾಲೂರಿ ನಿಂತಿತು. ಕಿವಿಗಳು ಹಿಂದಕ್ಕೆ ಅಂಟಿಕೊಂಡಿದ್ದವು, ಕಣ್ಣಿನ ಬಿಳಿ ಕಾಣುತ್ತಿತ್ತು. ಬೈದೆ, ಎಳೆದೆ, ಜಪ್ಪಯ್ಯ ಅಂದರೂ ಕದಲಲಿಲ್ಲ. ಸರಿ, ನೀನು ಬೇಡ ಎಂದು ಹಗ್ಗ ಬಿಟ್ಟು ಹೊರಡಲು ನೋಡಿದರೆ, ಲಿನ್ ಬೇಡವೆಂದಿದ್ದನ್ನೇ ಮಾಡಿದ್ದೆ. ಹಗ್ಗ ಅಂಗೈಗೆ ಎರಡು ಸುತ್ತು ಬಿಗಿದುಕೊಂಡಿತ್ತು. ನೀರು ಮೊಣಕಾಲಿಗಿತ್ತು. ಆಚೆ ಅನಿಕಾ ಇನ್ನೂ ಕೈ ಬೀಸುತ್ತಿದ್ದಳು. "ಬಾ ಅಪ್ಪಾ. ಏನೂ ಆಗಲ್ಲ." ನಾನು ಹಲ್ಲು ಕಚ್ಚಿ ಹಗ್ಗ ಬಿಡಿಸುತ್ತಿದ್ದೆ.

"ಡ್ಯಾಡ್?"

ಈ ಮಾತು ಬಂದದ್ದು ಬೆನ್ನ ಹಿಂದಿನಿಂದ. ತಿರುಗಿದೆ. ಹತ್ತು ಹೆಜ್ಜೆ ದೂರದಲ್ಲಿ ಅನಿಕಾ ನಿಂತಿದ್ದಳು. ಜಾಕೆಟ್ ಇರಲಿಲ್ಲ, ಹೆಲ್ಮೆಟ್ ಇರಲಿಲ್ಲ, ಅರ್ಧ ಹೆಣೆದ ಜಡೆ ಬಿಚ್ಚಿಕೊಂಡಿತ್ತು, ಕಾಲಿನಲ್ಲಿ ಸಾಕ್ಸ್ ಮಾತ್ರ. ಮುಖ ಬಿಳಿಚಿಕೊಂಡಿತ್ತು. ಮತ್ತೆ ಆಚೆ ನೋಡಿದೆ. ಬರೀ ಕಲ್ಲು, ಅದರಾಚೆ ಒಣಹುಲ್ಲು.

ಅಷ್ಟರಲ್ಲಿ ಲಿನ್ ಓಡಿ ಬಂದಳು. ಆಗಲೇ ನೀರು ಕಂದುಬಣ್ಣಕ್ಕೆ ತಿರುಗಿತ್ತು, ನಾನು ಗಮನಿಸಿರಲಿಲ್ಲ. ಅವಳು ನನ್ನ ಅಂಗಿ ಹಿಡಿದು ಮೇಲಕ್ಕೆ ಎಳೆದುಕೊಂಡಳು. ಮೇಲಿನ ಬೆಟ್ಟಗಳಲ್ಲಿ ಸುರಿದದ್ದೆಲ್ಲ ಒಮ್ಮೆಗೇ ಕೆಳಗೆ ಬಂತು. ಕಾಲು ಗಂಟೆಯೊಳಗೆ ಮೂರು ನಾಲ್ಕು ಸೀಳೂ ಒಂದೇ ಹೊಳೆಯಾಗಿ, ನಾನು ನಿಂತಿದ್ದ ಜಾಗದ ಮೇಲೆ ಬೇರುಸಹಿತ ಒಂದು ಮರ ಉರುಳಿಕೊಂಡು ಹೋಯಿತು.

"ರೀ, ಯಾರನ್ನ ಆ ಥರ ಕೂಗ್ತಾ ಇದ್ರಿ?" ಎಂದು ವಿದ್ಯಾ ಕೇಳಿದಳು.

"ಕುದುರೆಯನ್ನ" ಎಂದೆ.

ಲಿನ್‌ಗೆ ಮಾತ್ರ ನಿಜ ಹೇಳಿದೆ. ಅವಳು ನಗಲಿಲ್ಲ. ಇಂಥ ಗಾಳಿಯಲ್ಲಿ ಬಿಸಿಲು ಏನೇನೋ ತೋರಿಸುತ್ತದೆ ಎಂದಳು. ನನಗೂ ಅದೇ ಬೇಕಿತ್ತು. ಟೆಂಟುಗಳನ್ನು ಕಿತ್ತು ಎತ್ತರದ ಜಾಗಕ್ಕೆ ಒಯ್ದೆವು. ಅನಿಕಾಳ ಕೆಂಪು ಜಾಕೆಟ್ ಜೀನಿನ ಚೀಲದಲ್ಲಿ ಮಡಚಿದಂತೆಯೇ ಇತ್ತು, ಒಣಗಿತ್ತು. ಮರುದಿನ ಬೇರೆ ದಾರಿಯಲ್ಲಿ ಸುತ್ತಿ ಬಳಸಿ ಹೊರಗೆ ಬಂದೆವು.

ಮನೆಗೆ ಬಂದ ಮೇಲೆ ಬಿಸಿಲು, ಗಾಳಿ, ಸುಸ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸಾಕಾಗಿಯೂ ಇತ್ತು. ಮೂರು ವಾರದ ನಂತರ ಈಜಿನ ಕ್ಲಾಸಿನಿಂದ ಅವಳನ್ನು ಕರೆದುಕೊಂಡು ಬರುತ್ತಿದ್ದೆ. ಸಿಗ್ನಲ್ ಕೆಂಪಿತ್ತು. ಅವಳು ಕಿಟಕಿಯಾಚೆ ನೋಡುತ್ತಲೇ, ಅವತ್ತು ನೀನು ಅಷ್ಟು ಬೇಗ ಈಚೆ ಹೇಗೆ ಬಂದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಯಾವತ್ತು?"

ಹೊಳೆಯ ಹತ್ತಿರ, ಎಂದಳು. ಅಮ್ಮ ಜಡೆ ಹಾಕುತ್ತಿದ್ದಾಗ ನೀನು ಆಚೆ ದಡದಲ್ಲಿ ನಿಂತು ನನ್ನನ್ನು ಕರೆದೆ. ಅದಕ್ಕೇ ನಾನು ಓಡಿ ಬಂದೆ. ಬಂದು ನೋಡಿದರೆ ಈಚೆಯೂ ನೀನೇ ಇದ್ದೆ.

ಆದಷ್ಟು ಸಹಜವಾಗಿ ಕೇಳಿದೆ: "ಮತ್ತೆ ಈಚೆ ಇರೋದೇ ನಿಜವಾದ ಅಪ್ಪ ಅಂತ ಹೇಗೆ ಗೊತ್ತಾಯ್ತು, ಪುಟ್ಟಾ?"

ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು.

"ಐ ಡಿಡಂಟ್," ಎಂದಳು. "ಯೂ ವರ್ ಜಸ್ಟ್ ಕ್ಲೋಸರ್."

ಗೊತ್ತಿರಲಿಲ್ಲ, ಹತ್ತಿರ ಇದ್ದದ್ದು ನಾನು, ಅಷ್ಟೇ. ಸಿಗ್ನಲ್ ಹಸಿರಾಗಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆಯುವವರೆಗೂ ನಾನು ಗಾಡಿ ಮುಂದಕ್ಕೆ ತೆಗೆಯಲಿಲ್ಲ.